ಏಪ್ರಿಲ್ 24ರ ಹಳೇ ಪಿಕ್ಚರ್ ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯಲ್ಲಿ ಏಪ್ರಿಲ್ 24 ಬಂತು ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಪಡಸಾಲೆ ತುಂಬಿರುತ್ತದೆ. ಓಣಿಯವರು ಬರುತ್ತಾರೆ, ಹುಬ್ಬಳ್ಳಿಯಿಂದ ಬೀಗರು ಬರುತ್ತಾರೆ, ರಜೆಗೆ ಬಂದ ಮೊಮ್ಮಕ್ಕಳು ಚಾಪೆ ಹಾಸಿ ಮುಂದೆ ಕೂರುತ್ತಾರೆ. ಟಿವಿಯಲ್ಲಿ ಹಳೇ ಕನ್ನಡ ಸಿನಿಮಾ ಒಂದಾದ ಮೇಲೆ ಒಂದು. ನಡುವೆ ಜಾಹೀರಾತು ಬಂದಾಗ ಕೇಳಿದ ಪ್ರಶ್ನೆಗಳು, ಮನೆಗೆ ಹೋಗಿ ಫೋನ್ ಮಾಡಿ ಕೇಳಿದವು, ಊರಿಂದ ಕಾಗದ ಬರೆದು ಕೇಳಿದವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಹೊಸದಾಗಿ ಕೂರುವವರಿಗೆ

ಏಪ್ರಿಲ್ 24ನೇ ಯಾಕ್ರೀ? ರಾಜ್ಯೋತ್ಸವಕ್ಕ ಇಟ್ಕೊಂಡ್ರ ನಡಿಯೂದಿಲ್ಲೇನು?

ನಡೆಯುತ್ತದೆ. ಆದರೆ 1929ರ ಏಪ್ರಿಲ್ 24 ಡಾ. ರಾಜ್‌ಕುಮಾರ್ ಹುಟ್ಟಿದ ದಿನ. ಅವತ್ತು ಕನ್ನಡ ಚಾನೆಲ್‌ಗಳು ಸಾಮಾನ್ಯವಾಗಿ ಅವರ ಸಿನಿಮಾಗಳನ್ನು ಸಾಲಾಗಿ ಹಾಕುತ್ತವೆ, ನಾವು ಹುಡುಕಿಕೊಂಡು ಹೋಗಬೇಕಿಲ್ಲ. ಶಾಲೆಗೆ ರಜೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಹೊರಗೆ ಹೋಗುವವರೂ ಕಮ್ಮಿ.

ಇಡೀ ದಿನ ಹೆಂಗ ಕೂಡ್ತೀರಿ? ಬ್ಯಾಸರ ಆಗೂದಿಲ್ಲೇನು?

ಐದಾರು ಸಿನಿಮಾ ನೋಡ್ತೀನಿ ಅಂತ ಹೊರಟರೆ ಖಂಡಿತ ಬೇಸರ ಆಗುತ್ತದೆ. ಮೂರು ಸಾಕು. ಬೆಳಿಗ್ಗೆ ಒಂದು ಭಕ್ತಿ ಇಲ್ಲವೇ ಪುರಾಣದ ಚಿತ್ರ, ಊಟ ಆದ ಮೇಲೆ ಒಂದು ಸಂಸಾರದ ಕತೆ, ಸಂಜೆ ದೀಪ ಹಚ್ಚಿದ ಮೇಲೆ ಒಂದು ದೊಡ್ಡ ಬಣ್ಣದ ಸಿನಿಮಾ. ನಡುವೆ ಎದ್ದು ಓಡಾಡಬೇಕು. ನಮ್ಮಲ್ಲಿ ಊಟಕ್ಕೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ನಾಲ್ಕು ಗಂಟೆಗೆ ಗಿರ್ಮಿಟ್, ಮಿರ್ಚಿ. ಗಿರ್ಮಿಟ್ಟನ್ನು ಸಿನಿಮಾ ನಡೆಯುವಾಗ ಕಲೆಸಬೇಡಿ, ಮಾತು ಕೇಳಿಸುವುದಿಲ್ಲ.

ಬ್ಲ್ಯಾಕ್ ಅಂಡ್ ವೈಟ್ ಅಂದ್ರ ನನ್ನ ಮಗ ಎದ್ದು ಹೋಗ್ತಾನ. ಯಾವುದರಿಂದ ಸುರು ಮಾಡ್ಲಿ?

ಮೊದಲ ಸಲ 'ನಾಗರಹಾವು' ಅಥವಾ 'ಬಂಗಾರದ ಮನುಷ್ಯ' ತೋರಿಸಿ. ಎರಡೂ 1972ರವು, ಎರಡೂ ಬಣ್ಣದವು. ಬಂಗಾರದ ಮನುಷ್ಯ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಯಾಕೆ ಓಡಿತು ಅಂತ ಹುಡುಗರಿಗೆ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಪೂರ್ತಿ ಬಣ್ಣದ ಮೊದಲ ಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ'. ಆದರೂ ಮುಂದೆ ಎಷ್ಟೋ ವರ್ಷ ಕಪ್ಪು-ಬಿಳುಪೇ ಜಾಸ್ತಿ ಬಂತು. ಬಣ್ಣದ ಫಿಲ್ಮನ್ನು ಹೊರದೇಶದಿಂದ ತರಿಸಬೇಕಿತ್ತು, ಅದು ತುಟ್ಟಿ. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಮಗ ಹಟ ಮಾಡಿದರೆ ಆ ಪ್ರತಿಗಳನ್ನೇ ಹಾಕಿ. ನನ್ನನ್ನು ಕೇಳಿದರೆ, ಕಸ್ತೂರಿ ನಿವಾಸಕ್ಕೆ ಕಪ್ಪು-ಬಿಳುಪೇ ಸರಿ. ಸಿರಿವಂತನ ಮನೆ ಬರಿದಾಗುತ್ತಾ ಹೋಗುವ ಕತೆ ಅದು. ಆ ನೆರಳಿನಲ್ಲಿ ಮನೆ ಎಷ್ಟು ದೊಡ್ಡದಾಗಿ, ಎಷ್ಟು ಖಾಲಿಯಾಗಿ ಕಾಣುತ್ತದೆ ಅನ್ನುವುದನ್ನು ಒಮ್ಮೆ ನೋಡಿ.

ಮೊದಲನೇ ಕನ್ನಡ ಟಾಕಿ 'ಸತಿ ಸುಲೋಚನಾ' ಟಿವಿಯಾಗ ಯಾಕ ಹಾಕೂದಿಲ್ಲ?

ಹಾಕಲು ಪ್ರತಿಯೇ ಉಳಿದಿಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ಅದು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಅಂದರೆ ಬೆಂಗಳೂರಿಗಿಂತ ನಮ್ಮ ಹುಬ್ಬಳ್ಳಿಗೇ ಹತ್ತಿರ. ಕನ್ನಡದ ಮೊದಲ ಮಾತಿನ ಚಿತ್ರವನ್ನು ನೋಡುವ ಭಾಗ್ಯ ಇವತ್ತು ಯಾರಿಗೂ ಇಲ್ಲ ಅನ್ನುವುದು ನನಗೆ ಪ್ರತಿ ವರ್ಷ ಹೊಸದಾಗಿ ನೋವು ಕೊಡುತ್ತದೆ.

## ತೆರೆಯ ಹಿಂದಿನ ಸಂಗತಿ

ರಾಜ್‌ಕುಮಾರ್ ಬ್ಯಾರೆ ಭಾಷಾದಾಗ ಒಂದೂ ಪಿಕ್ಚರ್ ಮಾಡೇ ಇಲ್ಲಂತ. ಖರೇನು?

ಒಂದು ಮಾಡಿದ್ದಾರೆ. 1954ರಲ್ಲಿ ಮುತ್ತುರಾಜ್ ಅನ್ನುವ ನಾಟಕದ ಹುಡುಗ 'ಬೇಡರ ಕಣ್ಣಪ್ಪ'ದಲ್ಲಿ ನಾಯಕನಾಗಿ ಬಂದು ರಾಜ್‌ಕುಮಾರ್ ಆದರು. ಅದೇ ಕತೆಯನ್ನು ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಅಂತ ತೆಗೆದಾಗ ಅದರಲ್ಲೂ ಅವರೇ ಕಣ್ಣಪ್ಪ. ಆಮೇಲೆ ಕನ್ನಡ ಬಿಟ್ಟು ಹೊರಗೆ ಹೋಗಲಿಲ್ಲ.

ಬೇಡರ ಕಣ್ಣಪ್ಪ ಬಂದಾಗ ಕೊನೆಯ ಭಾಗವನ್ನು ತಪ್ಪಿಸಬೇಡಿ. ಶಿವಲಿಂಗದ ಕಣ್ಣಲ್ಲಿ ನೆತ್ತರು ಸೋರುವಾಗ ಬೇಡನಿಗೆ ದೇವರು ಅನ್ನುವ ಭಯ ಇಲ್ಲ. ಮನೆಯವರಿಗೆ ಪೆಟ್ಟಾದಂತೆ ಗಾಬರಿ. ಎಡಬಿಡದೆ ಸೊಪ್ಪು ಹುಡುಕುತ್ತಾನೆ. ನಾಯಕನಾದ ಮೊದಲ ಸಿನಿಮಾದಲ್ಲೇ ಇಷ್ಟು ಕಳೆದುಹೋಗಿ ಅಭಿನಯಿಸಿದವರನ್ನು ನಾನು ಮತ್ತೆ ನೋಡಿಲ್ಲ.

ಹಳೇ ಪಿಕ್ಚರ್‌ನಾಗ ಅಣ್ಣಾವ್ರು ಮಾತಾಡೋ ಧ್ವನಿನೇ ಬ್ಯಾರೆ, ಹಾಡೋ ಧ್ವನಿನೇ ಬ್ಯಾರೆ. ಹೌದಲ್ರೀ?

ಹೌದು, ನಿಮ್ಮ ಕಿವಿ ಸರಿ ಇದೆ. 1974ಕ್ಕಿಂತ ಹಿಂದಿನ ಹೆಚ್ಚಿನ ಚಿತ್ರಗಳಲ್ಲಿ ಅವರಿಗೆ ಹಾಡಿದವರು ಪಿ.ಬಿ. ಶ್ರೀನಿವಾಸ್. ಹುಟ್ಟಿದ್ದು ಕಾಕಿನಾಡದಲ್ಲಿ, ಮನೆಮಾತು ತೆಲುಗು. ಆದರೆ ಒಂದೇ ಒಂದು ಕನ್ನಡ ಅಕ್ಷರ ತಪ್ಪಿ ಬಿದ್ದಂತೆ ಕೇಳಿಸುವುದಿಲ್ಲ.

ರಾಜ್ ಅದಕ್ಕೂ ಮೊದಲು ಅಲ್ಲಿ ಇಲ್ಲಿ ಹಾಡಿದ್ದರು. ಆದರೆ ನಾಡೆಲ್ಲ ತಿರುಗಿ ನೋಡಿದ್ದು 'ಸಂಪತ್ತಿಗೆ ಸವಾಲ್'ನ ಎಮ್ಮೆ ಹಾಡಿನಿಂದ. ಜಿ.ಕೆ. ವೆಂಕಟೇಶ್ ಸಂಗೀತ. ಆಮೇಲೆ ಅವರ ಹಾಡನ್ನು ಅವರೇ ಹಾಡುವುದು ರೂಢಿಯಾಯಿತು. 1992ರ 'ಜೀವನಚೈತ್ರ'ದ ಹಾಡಿಗೆ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿಯೂ ಬಂತು.

ಇನ್ನೊಂದು ಮಾತು. ಸಂಪತ್ತಿಗೆ ಸವಾಲ್ ಮೊದಲು ನಾಟಕ. ಬರೆದವರು ಪಿ.ಬಿ. ದುತ್ತರಗಿ, ನಮ್ಮ ಉತ್ತರ ಕರ್ನಾಟಕದ ಕಂಪನಿ ನಾಟಕದವರು. ಟಿವಿಯಲ್ಲಿ ಬಂದಾಗ ಮಾತಿನ ಮೇಲೆ ಕಿವಿ ಇಡಿ. ಸವಾಲು ಹಾಕುವ ರೀತಿ, ಚಪ್ಪಾಳೆ ಬೀಳುವ ಜಾಗಕ್ಕೆ ಮಾತು ಬಂದು ನಿಲ್ಲುವ ರೀತಿ, ಎಲ್ಲವೂ ಜಾತ್ರೆಯ ಥಿಯೇಟರಿನದ್ದು.

ನಟರೇ ರೊಕ್ಕ ಹಾಕಿ ಒಂದು ಪಿಕ್ಚರ್ ತಗದಿದ್ರಂತ. ಯಾವ್ದದು?

1960ರ 'ರಣಧೀರ ಕಂಠೀರವ'. ಕನ್ನಡದಲ್ಲಿ ಚಿತ್ರಗಳೇ ಕಮ್ಮಿಯಾಗಿ ಕಲಾವಿದರಿಗೆ ಕೆಲಸ ಇಲ್ಲದಂತಾದ ಕಾಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಸಂಘ ಕಟ್ಟಿ, ಊರೂರಿಗೆ ನಾಟಕ ಆಡಿ, ಕೊನೆಗೆ ತಾವೇ ಈ ಚಿತ್ರ ತೆಗೆದರು. ನೋಡುವಾಗ ಬಾಲಕೃಷ್ಣ ಅವರನ್ನು ಗಮನಿಸಿ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ಮಾತು ಮುಗಿದ ಗಳಿಗೆಗೇ ಸರಿಯಾಗಿ ಉತ್ತರ ಕೊಡುತ್ತಾರೆ. ಅವರ ಕಣ್ಣು ಎದುರಿನವರ ಬಾಯಿಯ ಮೇಲೆ ಹೇಗೆ ನಿಂತಿರುತ್ತದೆ ನೋಡಿ.

ಕಾಕಾ, ಇವು ಎಲ್ಲಾ ಮೈಸೂರ ಕಡೆ ಮಾತಿನ ಪಿಕ್ಚರ್. ನಮ್ಮ ಕಡೆಯವರು ಇದರಾಗ ಎಲ್ಲೆದಾರ?

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ನಮ್ಮ ಓಣಿಯ ಕಾಲೇಜು ಹುಡುಗಿ. ಅವತ್ತಿನಿಂದ ನಾನು ಈ ದಿನವನ್ನು ನೋಡುವ ರೀತಿಯೇ ಬದಲಾಯಿತು.

ಆಗ ಸ್ಟುಡಿಯೋ, ಲ್ಯಾಬ್, ಹಾಡು ಮುದ್ರಿಸುವ ಜಾಗ ಹೆಚ್ಚಾಗಿ ಮದ್ರಾಸಿನಲ್ಲಿ ಇದ್ದವು. ಮಾತು ಹಳೇ ಮೈಸೂರಿನದು. ನಿಜ. ಆದರೆ ಕಿವಿಗೊಟ್ಟು ಕೇಳಿದರೆ ನಮ್ಮವರು ಬಂದು ಹೋಗುತ್ತಲೇ ಇರುತ್ತಾರೆ. 1967ರ 'ಬೆಳ್ಳಿಮೋಡ' ಪುಟ್ಟಣ್ಣ ಕಣಗಾಲ್ ಅವರ ಚಿತ್ರ, ತ್ರಿವೇಣಿಯವರ ಕಾದಂಬರಿ. ಅದರಲ್ಲಿ ಬೆಳಗಿನ ಹಾಡು ಬರುತ್ತದಲ್ಲ, 'ಮೂಡಲ ಮನೆಯ', ಅದು ಸಾಧನಕೇರಿಯ ಬೇಂದ್ರೆ ಅಜ್ಜನ ಕವಿತೆ. 1971ರ 'ಶರಪಂಜರ'ದ 'ಉತ್ತರ ಧ್ರುವದಿಂ' ಕೂಡ ಅವರದ್ದೇ. 1970ರ 'ಅರಿಶಿನ ಕುಂಕುಮ'ದ 'ಇಳಿದು ಬಾ ತಾಯಿ' ಕೂಡ. ಮೂರಕ್ಕೂ ರಾಗ ಹಾಕಿದವರು ವಿಜಯಭಾಸ್ಕರ್. ಸಾಧನಕೇರಿ ಕೆರೆ ದಂಡೆಯಲ್ಲಿ ಸಂಜೆ ತಿರುಗಾಡುವ ನಾವು, ಆ ಹಾಡು ಟಿವಿಯಲ್ಲಿ ಬಂದಾಗ ಎದ್ದು ನೀರು ಕುಡಿಯಲು ಹೋಗುತ್ತೇವೆ. ಹೋಗಬೇಡಿ, ಕೂತು ಕೇಳಿ.

1966ರ 'ಸಂಧ್ಯಾರಾಗ' ಬಂದರೆ ನಮ್ಮ ಮನೆಯಲ್ಲಿ ಫ್ಯಾನು ಕೂಡ ಸಣ್ಣ ಮಾಡುತ್ತೇವೆ. ಅ.ನ. ಕೃಷ್ಣರಾಯರ ಕಾದಂಬರಿ, ಸಂಗೀತಗಾರನ ಕತೆ. ಅದರ 'ನಂಬಿದೆ ನಿನ್ನ ನಾದದೇವತೆಯೆ' ಹಾಡಿದ್ದು ಭೀಮಸೇನ ಜೋಶಿ. ಹುಟ್ಟಿದ್ದು ಗದಗ ಜಿಲ್ಲೆಯ ರೋಣದಲ್ಲಿ, ಕಲಿತದ್ದು ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ. ಮುಂದೆ ಭಾರತರತ್ನ ಪಡೆದ ಕಂಠ ಅದು.

ಹಾವೇರಿ ಕಡೆಯವರು ಕೇಳಿ. 1960ರ 'ಭಕ್ತ ಕನಕದಾಸ'ದಲ್ಲಿ ರಾಜ್‌ಕುಮಾರ್ ಕನಕ ಆಗಿದ್ದಾರೆ. ಕನಕದಾಸರ ಊರು ಬಾಡ, ಶಿಗ್ಗಾಂವಿ ತಾಲ್ಲೂಕು. ಅದೇ ತಾಲ್ಲೂಕಿನ ಇನ್ನೊಂದು ಊರು ಶಿಶುನಾಳ. ಮೂವತ್ತು ವರ್ಷದ ನಂತರ, 1990ರಲ್ಲಿ, ಟಿ.ಎಸ್. ನಾಗಾಭರಣ 'ಸಂತ ಶಿಶುನಾಳ ಶರೀಫ' ತೆಗೆದರು. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡ, ಸಂಗೀತ ಸಿ. ಅಶ್ವಥ್. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಒಂದೇ ತಾಲ್ಲೂಕು, ಒಬ್ಬ ದಾಸ, ಒಬ್ಬ ಸಂತ, ಎರಡು ಸಿನಿಮಾ. ಎರಡನ್ನೂ ಒಂದೇ ದಿನ ತೋರಿಸುವ ಚಾನೆಲ್ ಸಿಕ್ಕರೆ ನನಗೆ ಫೋನ್ ಮಾಡಿ.

ಇನ್ನು 1961ರ 'ಕಿತ್ತೂರು ಚೆನ್ನಮ್ಮ'. ನಿರ್ದೇಶನ ಬಿ.ಆರ್. ಪಂತುಲು, ಚೆನ್ನಮ್ಮ ಆದವರು ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಬಾಗಿಲಲ್ಲಿ ಸತ್ತ ಥ್ಯಾಕರೆ ಧಾರವಾಡದ ಕಲೆಕ್ಟರ್. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ದಿನಾ ಬಸ್ ಹಿಡಿಯುವ ಮಕ್ಕಳಿಗೆ ಈ ಸಿನಿಮಾ ತೋರಿಸಿ, ಮರುದಿನ ಆ ಮೂರ್ತಿಯನ್ನು ತಲೆ ಎತ್ತಿ ನೋಡುತ್ತಾರೆ. ನಮ್ಮ ಮೊಮ್ಮಗ ನೋಡಿದ.

'ನಾಗರಹಾವು' ಕಾದಂಬರಿ ಓದೇನಿ. ಪಿಕ್ಚರ್‌ನಾಗಿನ ಕತಿ ಪೂರಾ ಅದರಾಗ ಇಲ್ಲಲ್ಲ?

ಇಲ್ಲ. ಪುಟ್ಟಣ್ಣ ತ.ರಾ. ಸುಬ್ಬರಾಯರ ಮೂರು ಕಾದಂಬರಿ ಸೇರಿಸಿ ಚಿತ್ರಕತೆ ಮಾಡಿದರು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ರಾಮಾಚಾರಿಯಾಗಿ ಬಂದ ಸಂಪತ್‌ಕುಮಾರ್ ಇಲ್ಲಿಂದಲೇ ವಿಷ್ಣುವರ್ಧನ್ ಆದರು. ಅಂಬರೀಶ್ ಅವರ ಮೊದಲ ಚಿತ್ರವೂ ಇದೇ. 'ಬಾರೆ ಬಾರೆ' ಹಾಡಿನ ನಿಧಾನ ಚಲನೆ ಕನ್ನಡಕ್ಕೆ ಹೊಸದು. ಕ್ಯಾಮೆರಾವನ್ನು ಜೋರಾಗಿ ಓಡಿಸಿ ಚಿತ್ರ ಹಿಡಿದು, ತೋರಿಸುವಾಗ ಮಾಮೂಲಿ ವೇಗದಲ್ಲಿ ಓಡಿಸಿದರೆ ಹಾಗೆ ತೇಲಿದಂತೆ ಕಾಣುತ್ತದೆ.

ಪ್ರಶಸ್ತಿ ಬಂದ ಪಿಕ್ಚರ್ ನಿಮ್ಮ ಪಟ್ಟಿಯಾಗ ಯಾಕಿಲ್ಲ?

ಅವಕ್ಕೆ ಬೇರೆ ದಿನ ಬೇಕು. ಗಿರ್ಮಿಟ್ ತಿನ್ನುತ್ತಾ ಹದಿನೈದು ಜನ ಕೂತಾಗ 'ಸಂಸ್ಕಾರ' ನೋಡಲಾಗುವುದಿಲ್ಲ. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, 1970. ಸೆನ್ಸಾರ್ ಮೊದಲು ತಡೆದ ಚಿತ್ರವೇ ಆಮೇಲೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಅಗ್ರಹಾರವನ್ನು ಹೊಸ ಕಣ್ಣಿಂದ ನೋಡಿದ್ದು ಚಿತ್ರದಲ್ಲಿ ಗೊತ್ತಾಗುತ್ತದೆ. ರಾತ್ರಿ ಒಬ್ಬರೇ ಕೂತು ನೋಡಿ.

## ಕಣ್ಣು, ಕಿವಿ ಪಳಗಿದವರಿಗೆ

ಬಲಗಡೆ ಮ್ಯಾಲಿನ ಮೂಲ್ಯಾಗ ಒಂದು ಚುಕ್ಕಿ ಬಂದು ಹೋಗ್ತದ. ಟಿವಿ ಕೆಟ್ಟೇತೇನು?

ಟಿವಿ ಚೆನ್ನಾಗಿದೆ. ಆ ಚುಕ್ಕಿ ಥಿಯೇಟರಿನ ಆಪರೇಟರಿಗೆ ಇಟ್ಟ ಗುರುತು.

ಸಿನಿಮಾ ಒಂದೇ ಸುರುಳಿಯಲ್ಲಿ ಬರುತ್ತಿರಲಿಲ್ಲ. 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ. ಎರಡು ರೀಲು ಸೇರಿಸಿ ಸುತ್ತಿದರೆ 20 ನಿಮಿಷದ ಮೇಲೆ. ಕ್ಯಾಬಿನ್ನಿನಲ್ಲಿ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಒಂದರಲ್ಲಿ ರೀಲು ಮುಗಿಯುವ ಎಂಟು ಸೆಕೆಂಡ್ ಮೊದಲು ಮೊದಲನೇ ಚುಕ್ಕಿ ಬರುತ್ತದೆ. ಆಗ ಎರಡನೇ ಪ್ರೊಜೆಕ್ಟರಿನ ಮೋಟಾರು ಶುರು ಮಾಡಬೇಕು. ಮುಗಿಯಲು ಒಂದು ಸೆಕೆಂಡ್ ಇದ್ದಾಗ ಎರಡನೇ ಚುಕ್ಕಿ. ಆಗ ಬೆಳಕು ಇದರಿಂದ ಅದಕ್ಕೆ ದಾಟಬೇಕು.

ಚಿಕ್ಕವನಿದ್ದಾಗ ಒಂದು ಟಾಕೀಜಿನ ಕ್ಯಾಬಿನ್ನಿನಲ್ಲಿ ನಿಂತು ಇದನ್ನು ನೋಡಿದ್ದೇನೆ. ಎರಡು ಕಾರ್ಬನ್ ಕಡ್ಡಿ ಉರಿದು ಬೆಳಕು ಬರುವ ಕಾಲ. ಒಳಗೆ ಬೆಂಕಿ ಮುಂದೆ ಕೂತಷ್ಟು ಸೆಕೆ. ಆಪರೇಟರ್ ಮಾಮಾ ಬನಿಯನ್ನಿನಲ್ಲಿ ನಿಂತು ಗೋಡೆಯ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟಿದ್ದರು. ನನಗೆ ಮಾತಾಡಬೇಡ ಅಂತ ಎಡಗೈ ಎತ್ತಿ ತೋರಿಸಿದರು, ಬಲಗೈ ಮಷೀನಿನ ಮೇಲೆ. ಮೊದಲ ಚುಕ್ಕಿ. ಮಷೀನು ಗುರ್ ಅಂತು. ಅವರ ತುಟಿ ಅಂಕಿ ಎಣಿಸುತ್ತಿತ್ತು. ಎರಡನೇ ಚುಕ್ಕಿ, ಖಟ್. ಕೆಳಗೆ ಕೂತ ನೂರಾರು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಈಗ ಟಿವಿಯಲ್ಲಿ ಆ ಚುಕ್ಕಿ ಕಂಡರೆ ನನ್ನ ಬಲಗೈ ಸುಮ್ನೆ ಇರುವುದಿಲ್ಲ.

ರಾತ್ರಿ ಸೀನ್ ಅಂತಾರ, ಗಿಡದ ನೆರಳು ನೆಲದ ಮ್ಯಾಲೆ ಎದ್ದು ಕಾಣ್ತದಲ್ಲ?

ಹಗಲಲ್ಲೇ ತೆಗೆದ ರಾತ್ರಿ ಅದು. ಹೊರಗಡೆ ದೊಡ್ಡ ದೀಪ ಒಯ್ಯುವುದು ಕಷ್ಟ, ಖರ್ಚೂ ಜಾಸ್ತಿ. ಬಿಸಿಲಲ್ಲಿ ಲೆನ್ಸಿಗೆ ಫಿಲ್ಟರ್ ಹಾಕಿ, ಬೆಳಕು ಕಮ್ಮಿ ಬಿಟ್ಟು ತೆಗೆಯುತ್ತಿದ್ದರು. ಕಪ್ಪು-ಬಿಳುಪಿನಲ್ಲಿ ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತದೆ.

ನಮ್ಮ ಹೊಸ ಟಿವಿಯಾಗ ಎಲ್ಲಾರ ಮಾರಿ ಅಗಲ ಆಗ್ಯಾವು. ಏನ್ ಮಾಡ್ಬೇಕು?

ಹಳೇ ಸಿನಿಮಾದ ಚೌಕಟ್ಟು ಹೆಚ್ಚುಕಮ್ಮಿ 4:3 ಅಳತೆಯದು, ಹೊಸ ಟಿವಿ 16:9. ಪಕ್ಕದಲ್ಲಿ ಖಾಲಿ ಬಿಡಬಾರದು ಅಂತ ಎಳೆದರೆ ಮುಖ ಅಗಲ ಆಗುತ್ತದೆ, ಜೂಮ್ ಮಾಡಿದರೆ ತಲೆ ಮತ್ತು ಪಾದ ಕತ್ತರಿಸಿ ಹೋಗುತ್ತವೆ. ರಿಮೋಟಿನಲ್ಲಿ ಚಿತ್ರದ ಅಳತೆಯನ್ನು 4:3 ಮಾಡಿ. ಎರಡೂ ಕಡೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಚಾನೆಲ್‌ನವರೇ ಎಳೆದು ಕಳಿಸಿದ್ದರೂ ಎಷ್ಟೋ ಸಲ ಇದರಿಂದ ಸರಿಹೋಗುತ್ತದೆ. ಅವರೇ ಕತ್ತರಿಸಿ ಕಳಿಸಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಸುರುವಾತಿಗೆ ಬರೋ ಸರ್ಟಿಫಿಕೇಟ್‌ನಾಗ ಮೀಟರ್ ಲೆಕ್ಕ ಯಾಕ ಬರದಿರ್ತಾರ?

ಫಿಲ್ಮಿನ ಉದ್ದ ಅದು. ನಿಮಿಷಕ್ಕೆ ಸುಮಾರು 27 ಮೀಟರ್ ಫಿಲ್ಮ್ ಓಡುತ್ತದೆ. 4,500 ಮೀಟರ್ ಅಂದರೆ ಹತ್ತಿರ ಹತ್ತಿರ 165 ನಿಮಿಷ. ಈ ಲೆಕ್ಕ ಗೊತ್ತಿದ್ದರೆ ಚಾನೆಲ್‌ನವರು ಎಷ್ಟು ಕತ್ತರಿಸಿದರು ಅಂತ ಕೂತಲ್ಲೇ ಹೇಳಬಹುದು. ಜಾಹೀರಾತಿನ ಹೊತ್ತನ್ನು ಗಡಿಯಾರ ನೋಡಿ ಕಳೆಯಿರಿ.

ಕೆಲವು ವರ್ಷದ ಹಿಂದೆ ಒಂದು ಚಾನೆಲ್ ನಮಗೆ ಇಷ್ಟದ ಚಿತ್ರದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ನುಂಗಿತ್ತು. ಕೊನೆಯ ಹಾಡೇ ಇಲ್ಲ. ನಮ್ಮ ಅವ್ವ ಆ ಹಾಡಿಗೆಂದೇ ಕಾದು ಕೂತಿದ್ದರು, ಕಣ್ಣಿಗೆ ಹನಿ ಹಾಕಿಸಿಕೊಂಡು. ಹಾಗೇ ಎದ್ದು ಒಳಗೆ ಹೋದರು. ದಯವಿಟ್ಟು ಹಾಡಿಗೆ ಕತ್ತರಿ ಹಾಕಬೇಡಿ ಅಂತ ಅವತ್ತೇ ಕಾಗದ ಬರೆದೆ. ಪ್ರತಿ ವರ್ಷ ಬರೆಯುತ್ತೇನೆ. ನೀವೂ ಬರೆಯಿರಿ. ಒಂದು ಮಾತು ನೆನಪಿರಲಿ. ಏನೂ ಕತ್ತರಿಸದಿದ್ದರೂ ಐದಾರು ನಿಮಿಷ ಕಮ್ಮಿ ಬರಬಹುದು. ಅದಕ್ಕೆ ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಟಿವಿ ಹಾಡಿನ ಕೂಡ ಪೇಟಿ ಹಿಡದ್ರ ಸುರ ಕೂಡೂದೇ ಇಲ್ಲ. ನನ್ನ ಪೇಟಿದು ತಪ್ಪೇನು?

ಇದನ್ನು ಕೇಳಿದವರು ನಮ್ಮ ಹಿಂದಿನ ಓಣಿಯ ಅಜ್ಜ. ಭಜನೆಗೆ ಹಾರ್ಮೋನಿಯಂ ನುಡಿಸುತ್ತಾರೆ. ಪೇಟಿಯದು ತಪ್ಪಿಲ್ಲ.

ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ನಮ್ಮ ದೇಶದ ಟಿವಿ ಪದ್ಧತಿ ಸೆಕೆಂಡಿಗೆ 25. ಹಳೇ ಫಿಲ್ಮನ್ನು ಟಿವಿಗೆ ಇಳಿಸುವಾಗ ಸುಲಭ ದಾರಿ ಅಂದರೆ 25ರ ವೇಗದಲ್ಲೇ ಓಡಿಸಿಬಿಡುವುದು. ಹಾಗೆ ಇಳಿಸಿದ ಪ್ರತಿಯಲ್ಲಿ 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ದನಿ ಶೇಕಡಾ 4ರಷ್ಟು ಏರುತ್ತದೆ. ಪೇಟಿಯಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ ಸುಮಾರು ಶೇಕಡಾ 6. ಹಾಗಾಗಿ ಹಾಡು ಎರಡು ಕೀಗಳ ನಡುವೆ ಬಂದು ನಿಲ್ಲುತ್ತದೆ. ಯಾವ ಕೀ ಒತ್ತಿದರೂ ಒಂದೋ ಕೆಳಗೆ, ಇಲ್ಲ ಮೇಲೆ.

ಇಷ್ಟು ಹೇಳಿದ ಮೇಲೆ ಅಜ್ಜ ಮರು ವರ್ಷ ಪೇಟಿ ತರಲಿಲ್ಲ, ಮಗಳ ತಂಬೂರಿ ತಂದರು. ಸಂಧ್ಯಾರಾಗದ ಹಾಡು ಶುರುವಾಗುತ್ತಲೇ ಕಿವಿ ತಂತಿಗೆ ತಾಗಿಸಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಇನ್ನೂ ಒಂದು ಕೂದಲೆಳೆ. ಕೂಡಿತು. ಅಜ್ಜ ಕಣ್ಣು ಮುಚ್ಚಿದರು. ಹಾಡು ಮುಗಿದು ಸೋಪಿನ ಜಾಹೀರಾತು ಬಂದಾಗ ಮೊಮ್ಮಗಳು ಹೋಗಿ ದನಿ ಪೂರ್ತಿ ಸಣ್ಣ ಮಾಡಿದಳು. ತಂಬೂರಿ ಇನ್ನೂ ನುಡಿಯುತ್ತಿತ್ತು.